ಮೇಷ್ಟ್ರನ್ನು ಕೇಳಿ: ‘ಬಣ್ಣವನ್ನೇ ಮುಟ್ಟಿಸದ ಚಿತ್ರದ ಕ್ಲಾಸು’

ಪ್ರಶ್ನೆ: ಮೇಷ್ಟ್ರೇ, ಮಗಳು ಏಳನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ವಾರಕ್ಕೊಂದು ಸಂಜೆ ಮ್ಯೂಸಿಯಂ ಒಂದರಲ್ಲಿ ನಡೆಯುವ ಚಿತ್ರಕಲೆ ಶಿಬಿರಕ್ಕೆ ಹೋಗುತ್ತಾಳೆ. ಮನೆಗೆ ತರುವುದು ಬರೀ ಅರ್ಧಂಬರ್ಧ ಪೆನ್ಸಿಲ್ ಗೀಚು. ಪಕ್ಕದ ಮನೆ ಹುಡುಗಿ ಡ್ರಾಯಿಂಗ್ ಕ್ಲಾಸಿನಿಂದ ಚಂದದ ಸೀನರಿಗಳನ್ನು ತರುತ್ತಾಳೆ. ನಮ್ಮತ್ತೆ ‘ದುಡ್ಡು ದಂಡ’ ಅನ್ನುತ್ತಾರೆ. ಬಿಡಿಸಿ ಗಣಿತದ ಟ್ಯೂಷನ್ನಿಗೆ ಹಾಕಲೇ?
– ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ಬಿಡಿಸಬೇಡಿ ತಾಯೀ. ಆ ಸೀನರಿ ನನಗೆ ಚೆನ್ನಾಗಿ ಗೊತ್ತು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಬಾಗಿದ ತೆಂಗಿನಮರ. ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟು ಕಾಲವೂ ಅದಕ್ಕೆ ಮಾರ್ಕ್ಸ್ ಹಾಕಿದ್ದೇನೆ. ಕಣ್ಣು ಮುಚ್ಚಿಕೊಂಡೇ ಬಿಡಿಸಬಹುದು, ಬಹಳ ಮಕ್ಕಳು ಬಿಡಿಸುವುದೂ ಹಾಗೆಯೇ.

ಮ್ಯೂಸಿಯಂನಲ್ಲಿ ಬಣ್ಣ ಕೊಡದಿರುವುದಕ್ಕೆ ಕಾರಣವಿದೆ. ವಸ್ತುಗಳ ಹತ್ತಿರ ನೀರುಬಣ್ಣ, ಇಂಕು ಬಿಡುವುದಿಲ್ಲ. ಒಂದು ಹನಿ ಸಿಡಿದರೂ ಕಲೆ ಹೋಗದು. ಪೆನ್ಸಿಲ್ಲಾದರೆ ಭಯ ಕಡಿಮೆ. ಆದರೆ ಶಿಬಿರಕ್ಕೆಂದೇ ಬೇರೆ ಕೋಣೆಯಿದ್ದು, ಅಲ್ಲೂ ತಿಂಗಳುಗಟ್ಟಲೆ ಬಣ್ಣ ತೆಗೆಯದಿದ್ದರೆ ಧಾರಾಳವಾಗಿ ಕೇಳಿ.

ನಾನು ಮಕ್ಕಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೆ. 1865ರಲ್ಲಿ ಶುರುವಾದದ್ದು. ಅಲ್ಲಿ ಮಂಡ್ಯ ಸೀಮೆಯ ಆತಕೂರಿನಿಂದ ಬಂದ ಹತ್ತನೇ ಶತಮಾನದ ಕಲ್ಲೊಂದಿದೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ರಾಜ ಬೂತುಗ ‘ಬೇಕಾದ್ದು ಕೇಳು’ ಅಂದನಂತೆ. ಆ ಪುಣ್ಯಾತ್ಮ ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ, ಕಾಳಿ ಎಂಬ ನಾಯಿಯನ್ನು! ಮುಂದೆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಆ ಸೆಣಸಾಟವನ್ನೇ ಕಲ್ಲಿನಲ್ಲಿ ಕೆತ್ತಿ, ಸುತ್ತ ಶಾಸನ ಬರೆಸಿದ್ದಾರೆ. ಕತೆಯನ್ನು ನಾನು ಮೊದಲು ಹೇಳುತ್ತಿರಲಿಲ್ಲ. ಪೆನ್ಸಿಲ್ ಕೆಳಗಿಡಿಸಿ, ‘ಇವೆರಡರಲ್ಲಿ ಗೆಲ್ಲೋದು ಯಾವುದು? ಯಾಕೆ ಹಾಗಂತೀಯ?’ ಎಂದು ಕೇಳುತ್ತಿದ್ದೆ. ಆಗ ನೋಡಬೇಕು ಜಗಳ! ಕಾಲು ಎಲ್ಲಿ ಊರಿದೆ, ಬೆನ್ನು ಹೇಗೆ ಬಾಗಿದೆ ಎಂದು ಕಲ್ಲಿಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು. ಆಮೇಲೆ ಬಿಡಿಸಿದ್ದು ಅರ್ಧವೇ ಆದರೂ ಆ ಅರ್ಧ ಅವರದೇ.

ನಿಮ್ಮ ಮಗಳ ಗೀಚು ಇಂಥದ್ದಿರಬಹುದು. ‘ಏನು ಬಿಡಿಸಿದೆ, ತೋರಿಸು’ ಅನ್ನುವ ಬದಲು ‘ಇವತ್ತು ಏನು ನೋಡಿದೆ?’ ಎಂದು ಕೇಳಿ ನೋಡಿ. ಶಿಬಿರದವರನ್ನು ಒಂದು ಮಾತು ವಿಚಾರಿಸಿ: ಒಂದು ಸಂಜೆಗೆ ಎಷ್ಟು ವಸ್ತು ತೋರಿಸುತ್ತಾರೆ? ಒಂದೋ ಎರಡೋ ಅಂದರೆ ಒಳ್ಳೆಯ ಜಾಗ. ಇಡೀ ಮ್ಯೂಸಿಯಂ ಸುತ್ತಿಸುತ್ತೇವೆ ಅಂದರೆ ಅದು ಪಿಕ್ನಿಕ್ಕು.

ಇನ್ನೊಂದು, ಹೊಟ್ಟೆಯದು. ಮಧ್ಯಾಹ್ನ ಉಂಡ ಮಗು ಸಂಜೆ ನಾಲ್ಕೂವರೆಗೆ ಏನು ನೋಡೀತು? ಗ್ಯಾಲರಿಯೊಳಗೆ ತಿನ್ನಲು ಬಿಡುವುದಿಲ್ಲ, ಪುಡಿ ಬಿದ್ದರೆ ಹುಳ ಬರುತ್ತದೆ. ಸಣ್ಣ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಡಿ, ಹೊರಗೆ ಮರದ ಕೆಳಗೆ ತಿಂದು ಒಳಗೆ ಹೋಗಲಿ. ಅತ್ತೆಯವರನ್ನು ಒಂದು ದಿನ ಮೊಮ್ಮಗಳ ಜೊತೆ ಚಿತ್ರಕಲಾ ಪರಿಷತ್ತಿಗೆ ಕಳಿಸಿ. ಅಲ್ಲಿನ ತೊಗಲುಗೊಂಬೆಗಳನ್ನು ನೋಡಿದರೆ ಊರಿನ ಗೊಂಬೆಯಾಟ ನೆನಪಾಗಿ, ಮೊಮ್ಮಗಳಿಗೆ ಅವರೇ ಪಾಠ ಮಾಡಿಯಾರು.

ಗಣಿತದ ಟ್ಯೂಷನ್ ಬೇರೆ ದಿನ ಇಟ್ಟುಕೊಳ್ಳಿ. ವಾರಕ್ಕೆ ಏಳು ದಿನ ಇದೆಯಲ್ಲ.

ಪ್ರಶ್ನೆ: ಸಾರ್, ನಾನು ಆರನೇ ಕ್ಲಾಸು. ನನಗೆ ಕೈಬೆರಳು ಬಿಡಿಸಲು ಬರಲ್ಲ, ಎಲ್ಲರೂ ನಗ್ತಾರೆ. ಮ್ಯೂಸಿಯಂ ಕ್ಲಾಸಿಗೆ ಸೇರಬಹುದಾ?
– ಒಬ್ಬ ಹುಡುಗ, ಯಶವಂತಪುರ

ಉತ್ತರ: ಸೇರು ಮರಿ. ನಗುವವರಿಗೂ ಬೆರಳು ಬರಲ್ಲ, ಅದಕ್ಕೇ ಅವರ ಚಿತ್ರದ ಮನುಷ್ಯರೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಾರೆ. ಗೆಳೆಯನ ಕೈ ಅಲ್ಲಾಡುತ್ತದೆ, ವಿಗ್ರಹದ್ದು ಅಲ್ಲಾಡಲ್ಲ. ಅದರ ಮುಂದೆ ಕೂತು, ಬೆರಳು ಬಿಟ್ಟು ಬೆರಳುಗಳ ನಡುವಿನ ಸಂದನ್ನು ಬಿಡಿಸು. ಎರೇಸರ್ ಮಾತ್ರ ಮನೆಯಲ್ಲೇ ಇರಲಿ.