ಇಂಟರ್ನ್‌ಶಿಪ್ ಮುಗಿಯುವ ಮುನ್ನ

ಪ್ರಶ್ನೆ: ನಮ್ಮ ಸೋಲಿಗರ ಪೋಡಿನ (ಹಾಡಿಯ) ಹುಡುಗಿ ಬೆಂಗಳೂರಿನಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಮುಂದಿನ ಹುದ್ದೆಗೆ, ಪಿಜಿ ಸೀಟಿಗೆ ಈಗಲೇ ಏನು ಸಿದ್ಧಪಡಿಸಿಕೊಳ್ಳಬೇಕು?
— ಓದುಗರು, ಚಾಮರಾಜನಗರ

ಉತ್ತರ: ಮೊದಲು ರಜೆಯ ಲೆಕ್ಕ ನೋಡಿ. 12 ತಿಂಗಳಲ್ಲಿ ಅನುಮತಿ ಪಡೆದ ರಜೆ 15 ದಿನ ಮಾತ್ರ. ಮೀರಿದರೆ ಅವಧಿ ಮುಂದಕ್ಕೆ ಹೋಗುತ್ತದೆ. ಪಿಜಿ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಇಂಟರ್ನ್‌ಶಿಪ್ ಮುಗಿದಿರಬೇಕಾದ ಕಟ್-ಆಫ್ ದಿನಾಂಕ ತಪ್ಪಿದರೆ ಇಡೀ ವರ್ಷ ಕೈಬಿಟ್ಟಂತೆ.

ಹೆಚ್ಚಿನವರು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ರಾಜ್ಯ ಕೋಟಾಕ್ಕೆ ತಹಶೀಲ್ದಾರರು ಕೊಡುವ ನಮೂನೆ-ಡಿ, ಅಖಿಲ ಭಾರತ ಕೋಟಾದ ಶೇ. 7.5 ಮೀಸಲಿಗೆ ಕೇಂದ್ರದ ನಮೂನೆಯದು, ಎರಡನ್ನೂ ಮಾಡಿಸಿ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವುದು ‘ಸೋಲಿಗರು’. ಪ್ರಮಾಣಪತ್ರದಲ್ಲೂ ಅದೇ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇನಿಷಿಯಲ್ ಆಧಾರ್‌ನಲ್ಲಿ ಬಿಡಿಸಿ ಬರೆದಿದ್ದರೆ ಈಗಲೇ ಸರಿಪಡಿಸಿ. ಕೌನ್ಸೆಲಿಂಗ್ ವಾರದಲ್ಲಿ ಊರಿಗೂ ಬೆಂಗಳೂರಿಗೂ ಓಡಾಡಲು ಸಮಯವಿರದು.

ಪಿಜಿ ಸಿಗುವವರೆಗೆ ನಾನ್-ಅಕಾಡೆಮಿಕ್ ಜೂನಿಯರ್ ರೆಸಿಡೆಂಟ್ (ಪಿಜಿ ಓದಿಗೆ ಸೇರದ ಕಿರಿಯ ವೈದ್ಯ) ಹುದ್ದೆ ಒಳ್ಳೆಯದು. ಹೆಚ್ಚಾಗಿ ನೇರ ಸಂದರ್ಶನ. ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿ ಬೇಕೇ ಬೇಕು. ಇಂಟರ್ನ್‌ಶಿಪ್ ಪ್ರಮಾಣಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಲಿ.

ಇನ್ನೊಂದು ಮಾತು, ಆಸ್ಪತ್ರೆಯ ಹಿರಿಯರಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ರಾತ್ರಿ ಡ್ಯೂಟಿಯಲ್ಲಿ ಸೀನಿಯರ್‌ಗೆ ಫೋನ್ ಮಾಡಲು ಹಿಂಜರಿಯುತ್ತಾರೆ, ಇಂಗ್ಲಿಷ್ ತಡವರಿಸೀತೆಂದು. ಬೆಡ್ ನಂಬರ್, ಈಗಿನ ತೊಂದರೆ, ಬಿಪಿ-ನಾಡಿ-ಆಕ್ಸಿಜನ್, ‘ನೀವು ಬಂದು ನೋಡಬೇಕು’: ಈ ನಾಲ್ಕು ಮಾತನ್ನು ಅದೇ ಅನುಕ್ರಮದಲ್ಲಿ ಮೊದಲ ವಾರವೇ ಅಭ್ಯಾಸ ಮಾಡಿಸಿ. ಕನ್ನಡದಲ್ಲೇ ಹೇಳಿದರೂ ಸಾಕು ಎಂದು ಬಾಯಿಬಿಟ್ಟು ತಿಳಿಸಿ.