ಕತ್ತಿ ಅಳಿಸಿ ಚೀಲ ಹಾಕಿದವರಿಗೆ

ಓದುಗರ ಪತ್ರ:

"ಸಂಪಾದಕರೇ, ಒಬ್ಬನೇ ಕೂತು ಒಂದು ಚಿಕ್ಕ ಗೇಮ್ ಮಾಡುತ್ತಿದ್ದೇನೆ. ರಾತ್ರಿ ಹೊತ್ತು ಕಾಗದ ಹಂಚುವ ಅಂಚೆಯಣ್ಣನ ಕಥೆ. ಕೋಡ್ ಬರೆಯಲು ಬರುತ್ತದೆ, ಚಿತ್ರ ಬರೆಯಲು ಬರುವುದಿಲ್ಲ. ಗೇಮ್ ಚಿತ್ರಗಳನ್ನು ಬಿಟ್ಟಿಯಾಗಿ ಹಂಚುವ ಓಪನ್‌ಗೇಮ್‌ಆರ್ಟ್ ಜಾಲತಾಣದಲ್ಲಿ ಸಿಕ್ಕ, ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಚಿತ್ರಗಳ ಗುಂಪಿನ ಒಬ್ಬ ಸೈನಿಕನನ್ನು ತಂದೆ. ಕತ್ತಿ ಅಳಿಸಿದೆ, ಹೆಗಲಿಗೆ ಚೀಲ ಹಾಕಿದೆ, ಬಟ್ಟೆಯ ಬಣ್ಣ ಬದಲಿಸಿದೆ. ಗೆಳೆಯನೊಬ್ಬ ಆಡಿ ನೋಡಿ 'ಈ ಮುಖ ಬೇರೆ ಗೇಮ್‌ನಲ್ಲಿ ನೋಡಿದ್ದೀನಿ, ಇದು ನಿನ್ನದಲ್ಲ' ಅಂದುಬಿಟ್ಟ. ಅಂದಿನಿಂದ ಕೈ ಓಡುತ್ತಿಲ್ಲ. ಇಷ್ಟು ಬದಲಿಸಿದ ಮೇಲೂ ಮೂಲ ಕಲಾವಿದರ ಹೆಸರು ಹಾಕಲೇಬೇಕಾ? ಹಾಕಿದರೆ ಕದ್ದಿದ್ದನ್ನು ನಾನೇ ಒಪ್ಪಿಕೊಂಡ ಹಾಗಾಗುವುದಿಲ್ಲವಾ?"
– ಹೆಸರು ಬೇಡ ಎಂದ ಓದುಗ

ಸಂಪಾದಕರ ಉತ್ತರ:

ಪತ್ರ ಓದುತ್ತಾ ಖುಷಿಯಾಯಿತು. ಕೊನೆಯ ಎರಡು ಸಾಲಿಗೆ ಬಂದಾಗ ಬೇಜಾರಾಯಿತು. ಎರಡಕ್ಕೂ ಕಾರಣ ಹೇಳುತ್ತೇನೆ.

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ಒಂದೇ ಮುಖ ಹತ್ತು ಕಡೆ ಕಂಡರೆ ಆಡುವವರಿಗೆ ಬೇಸರ ಬರುತ್ತದೆ. 16 ಪಿಕ್ಸೆಲ್ ಚೌಕಕ್ಕೆಂದು ಬರೆದ ಮರವನ್ನು ಎರಡರಷ್ಟು ಹಿಗ್ಗಿಸಿ 32 ಪಿಕ್ಸೆಲ್ಲಿನ ಮನೆಯ ಪಕ್ಕ ನಿಲ್ಲಿಸಿದರೆ ಕಣ್ಣಿಗೆ ಚುಚ್ಚುತ್ತದೆ. ಸಿಕ್ಕಿದ್ದನ್ನೆಲ್ಲ ತಂದು ಸುಮ್ನೆ ಸುರಿದ ಗೇಮ್‌ಗಳನ್ನು ನಾನೂ ನೋಡಿದ್ದೇನೆ. ಆದರೆ ನೀವು ಮಾಡಿದ್ದು ಅದಲ್ಲವಲ್ಲ.

ಆ ಸೈನಿಕ ಎಲ್ಲಿಂದ ಬಂದ ಅಂತ ಒಮ್ಮೆ ನೋಡಿ. 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಓಪನ್‌ಗೇಮ್‌ಆರ್ಟ್ ಸೇರಿ ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಸ್ಪರ್ಧೆ ನಡೆಸಿದವು. ಮೊದಲ ಸುತ್ತು ಚಿತ್ರ ಬರೆಯುವವರಿಗೆ, ಎರಡನೆಯದು ಆ ಚಿತ್ರಗಳಿಂದ ಗೇಮ್ ಮಾಡುವವರಿಗೆ. ಸ್ಪರ್ಧೆಗೂ ಮುಂಚೆ ಒಂದು ಕೈಪಿಡಿ ಕೊಟ್ಟರು. ನೆಲದ ಚೌಕ ಎಷ್ಟಿರಬೇಕು, ನೋಟದ ಕೋನ ಹೇಗಿರಬೇಕು, ಅಂಚಿನ ಗೆರೆ ಹೇಗಿರಬೇಕು ಅಂತ ಅದರಲ್ಲಿತ್ತು. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡಿರದ ಜನ ಬರೆದ ಕೂದಲು, ಅಂಗಿ, ಬೂಟು ಎಲ್ಲವೂ ಒಂದೇ ಮೈಮೇಲೆ ಸರಿಯಾಗಿ ಕೂರುತ್ತವೆ. ಇಷ್ಟು ವರ್ಷ ಕಳೆದರೂ ಆ ಮೈಗೆ ಹೊಸ ಬಟ್ಟೆ ಹೊಲಿಯುವವರು ಬರುತ್ತಲೇ ಇದ್ದಾರೆ. ಅದನ್ನು ಬರೆದವರು ಬದಲಿಸಲಿ ಎಂದೇ ಬರೆದರು. ಕತ್ತಿ ಹೋಗಿ ಚೀಲ ಬಂದಿದ್ದು ನೋಡಿದರೆ ಅವರಿಗೆ ಸಂತೋಷವೇ ಆಗುತ್ತದೆ.

ಇನ್ನೊಂದು ಮಾತು. ಆ ಬೊಂಬೆಯ ನಡಿಗೆ ಒಂದಕ್ಕೇ ನಾಲ್ಕು ದಿಕ್ಕು, ದಿಕ್ಕಿಗೆ ಒಂಬತ್ತು ಬಿಡಿ ಚಿತ್ರ (ಫ್ರೇಮ್). ಅಂದರೆ ಆ ಚೀಲವನ್ನು ನೀವು 36 ಸಲ ಬರೆದಿದ್ದೀರಿ. ಎಡಕ್ಕೆ ತಿರುಗಿದಾಗ ಅದು ಬೆನ್ನ ಹಿಂದೆ ಮರೆಯಾಗಬೇಕು, ಹೆಜ್ಜೆ ಇಟ್ಟಾಗ ಒಂದು ಪಿಕ್ಸೆಲ್ ಕುಣಿಯಬೇಕು. ಇಷ್ಟೆಲ್ಲ ಮಾಡಿ ಚಿತ್ರ ಬರೆಯಲು ಬರುವುದಿಲ್ಲ ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಕೊಟ್ಟ ಚಿತ್ರದ ಬೆಲೆ ಗೊತ್ತಾಗಬೇಕಾದರೆ ಕೊಡದೇ ಇದ್ದ ಕಡೆ ನೋಡಬೇಕು. ಡೂಮ್ ಗೇಮ್‌ನ ಮೂಲ ಕೋಡ್ 1997ರ ಡಿಸೆಂಬರ್‌ನಲ್ಲೇ ಹೊರಬಂತು. ಚಿತ್ರ, ಸದ್ದು, ನಕ್ಷೆ ಬರಲಿಲ್ಲ. ಗೇಮ್ ಓಡಿಸುವ ಎಂಜಿನ್ ಇದೆ, ಒಳಗೆ ಏನೂ ಇಲ್ಲ. ಆಗ ಫ್ರೀಡೂಮ್ ಎಂಬ ಹೆಸರಲ್ಲಿ ಕೆಲವರು ಒಂದೊಂದೇ ರಾಕ್ಷಸ, ಒಂದೊಂದೇ ಗೋಡೆಯನ್ನು ಹೊಸದಾಗಿ ಬರೆಯಲು ಕೂತರು. ಮೂಲ ಚಿತ್ರದ ಮೇಲೆ ತಿದ್ದಿದ್ದನ್ನು ಅವರು ಮುಟ್ಟುವುದಿಲ್ಲ. ಎಷ್ಟು ವರ್ಷಗಳ ದುಡಿಮೆ ಅದು! ಇದಕ್ಕೆ ಉಲ್ಟಾ ಗ್ಲಿಚ್ ಎಂಬ ಆನ್‌ಲೈನ್ ಗೇಮ್. ಅದು 2012ರ ಡಿಸೆಂಬರ್‌ನಲ್ಲಿ ಮುಚ್ಚಿಹೋಯಿತು. ಮಾಡಿದ ಕಂಪನಿ ಟೈನಿ ಸ್ಪೆಕ್ ಮರುವರ್ಷ ಅದರ ಬಹುಪಾಲು ಚಿತ್ರಗಳನ್ನು, 10,000ಕ್ಕೂ ಜಾಸ್ತಿ, ಹಕ್ಕು ಬಿಟ್ಟುಕೊಟ್ಟು ಎಲ್ಲರ ಮುಂದೆ ಇಟ್ಟಿತು. ಗೇಮ್ ಹೋಯಿತು, ಅದರ ಮರಗಿಡ ಮನೆಗಳು ಬೇರೆಯವರ ಗೇಮ್‌ಗಳಲ್ಲಿ ಬದುಕಿವೆ. ಅವುಗಳನ್ನು ಎತ್ತಿಕೊಂಡವರು ಯಾರೂ ಕಳ್ಳರಲ್ಲ.

ಈಗ ಬೇಜಾರಿನ ವಿಷಯ. ಹೆಸರು ಹಾಕಲೇಬೇಕಾ ಎಂದು ಕೇಳಿದಿರಿ. ಹಾಕಲೇಬೇಕು. ಬಣ್ಣ ಬದಲಿಸಿದರೆ, ಕತ್ತಿ ಅಳಿಸಿದರೆ ಮೂಲದವರ ಹಕ್ಕು ಅಳಿಸಿಹೋಗುವುದಿಲ್ಲ. ಆ ಸ್ಪರ್ಧೆಯ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್‌ನ (ಸಿಸಿ) ಬೈ-ಎಸ್‌ಎ 3.0 ಮತ್ತು ಜಿಪಿಎಲ್ 3 ಎಂಬ ಎರಡು ಲೈಸೆನ್ಸ್‌ಗಳ, ಅಂದರೆ ಬಳಕೆಯ ಷರತ್ತುಗಳ, ಅಡಿ ಬಂದವು. ಸಿಸಿ ಬೈ-ಎಸ್‌ಎ ಹಿಡಿದರೆ ಯಾರು ಬರೆದರು ಅಂತ ಹೇಳಬೇಕು, ಏನು ಬದಲಿಸಿದಿರಿ ಅಂತ ಹೇಳಬೇಕು, ಬದಲಾದ ಚಿತ್ರವನ್ನೂ ಅದೇ ಷರತ್ತಿನಲ್ಲಿ ಬೇರೆಯವರಿಗೆ ಬಿಡಬೇಕು. ಬರೀ 'ಬೈ' ಅಂತಿದ್ದರೆ ಕೊನೆಯದು ಬೇಕಿಲ್ಲ. 2009ರಲ್ಲಿ ಬಂದ ಸಿಸಿ ಜೀರೋ ಆದರೆ ಹೆಸರೂ ಬೇಕಿಲ್ಲ. ಬೇಕಿಲ್ಲದಿದ್ದರೂ ಹಾಕಿ ಅನ್ನುವವನು ನಾನು. 'ಎನ್‌ಸಿ' ಇದ್ದರೆ ಮಾರುವ ಗೇಮ್‌ಗೆ ಬೇಡ. 'ಎನ್‌ಡಿ' ಇದ್ದರೆ ಬದಲಿಸಿ ಹಂಚುವ ಹಾಗೇ ಇಲ್ಲ. ಡೌನ್‌ಲೋಡ್ ಮಾಡುವ ಮುಂಚೆ ಈ ಎರಡಕ್ಷರ ನೋಡಿಬಿಡಿ.

ಹೆಸರು ಹಾಕಿದರೆ ಕದ್ದಿದ್ದು ಒಪ್ಪಿಕೊಂಡ ಹಾಗೆ ಅಂದಿರಿ. ಕದ್ದವರು ಯಾರ ಮನೆಯಿಂದ ತಂದೆ ಅಂತ ಬರೆದಿಡುತ್ತಾರಾ? ನಿಮ್ಮ ಸಾಲು ಹೀಗಿರಲಿ: "ಮೂಲ ಸೈನಿಕನನ್ನು ಬರೆದವರು ಇಂಥವರು, ಸಿಕ್ಕಿದ್ದು ಇಲ್ಲಿ, ಲೈಸೆನ್ಸ್ ಇದು. ಕತ್ತಿ ತೆಗೆದು ಅಂಚೆ ಚೀಲ ಬರೆದವನು ನಾನು." ಈ ಸಾಲು ಇಲ್ಲದಿದ್ದರೆ ನಿಮ್ಮ ಗೆಳೆಯರಂಥವರು ಇಡೀ ಬೊಂಬೆ ಬೇರೆಯವರದು ಎಂದುಕೊಳ್ಳುತ್ತಾರೆ. ಸಾಲು ಇದ್ದರೆ ಚೀಲ ನಿಮ್ಮದು ಅಂತ ಗೊತ್ತಾಗುತ್ತದೆ. ನಿಮ್ಮ ಕೆಲಸಕ್ಕೆ ಇರುವ ಸಾಕ್ಷಿಯನ್ನೇ ನೀವು ಅಳಿಸಲು ಹೊರಟಿದ್ದೀರಿ.

ಇದು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ವರ್ಷಗಳ ಹಿಂದೆ ನಾನೂ ಒಬ್ಬ ಸ್ನೇಹಿತನೂ ಒಂದು ಗೇಮ್ ಮಾಡಿದೆವು. ಕಂಡಲ್ಲಿಂದ ಚಿತ್ರ ಇಳಿಸಿಕೊಂಡು 'ಹೊಸದು' ಎಂಬ ಫೋಲ್ಡರ್‌ಗೆ ಹಾಕುತ್ತಾ ಹೋದೆವು. ಕೆಲಸಕ್ಕೆ ಸುಲಭವಾಗಲಿ ಅಂತ ಫೈಲ್‌ಗಳ ಹೆಸರನ್ನೂ ಮರ1, ಮರ2 ಅಂತ ಬದಲಿಸಿದೆವು. ಬಿಡುಗಡೆಯ ಹೊತ್ತಿಗೆ ಯಾವುದು ಯಾರದು ಅಂತ ಒಂದೂ ಗೊತ್ತಿಲ್ಲ. ಮೂರು ರಾತ್ರಿ ಹುಡುಕಿದೆವು. ಹೆಚ್ಚಿನವು ಸಿಕ್ಕವು. ಮರ7 ಸಿಗಲಿಲ್ಲ. ಬಾಗಿದ ಕೊಂಬೆಯ ಒಂದು ಮುದಿ ಮರ, ಇಡೀ ಮೊದಲ ಹಂತ ಅದರ ಸುತ್ತಲೇ ಕಟ್ಟಿದ್ದೆವು. ತೆಗೆದುಹಾಕಿದೆವು. ಬರೆದವರು ಯಾರೆಂದು ಈಗಲೂ ತಿಳಿಯದು. ಅದಕ್ಕೇ ಹೇಳುತ್ತೇನೆ, ಚಿತ್ರ ಇಳಿಸಿದ ನಿಮಿಷವೇ ಪಕ್ಕದಲ್ಲೊಂದು ಟೆಕ್ಸ್ಟ್ ಫೈಲ್ ತೆರೆದು ನಾಲ್ಕು ವಿಷಯ ಬರೆದುಕೊಳ್ಳಿ: ಚಿತ್ರದ ಹೆಸರು, ಬರೆದವರು, ಸಿಕ್ಕ ಜಾಗ, ಲೈಸೆನ್ಸ್. ನಿಮ್ಮ ಸೈನಿಕನ ವಿಷಯದಲ್ಲಂತೂ ನೆಪವೇ ಇಲ್ಲ. ಆ ಚಿತ್ರಗಳನ್ನು ಜೋಡಿಸಿಕೊಡುವ ಜನರೇಟರ್ ಹೆಸರುಗಳ ಪಟ್ಟಿಯನ್ನೂ ಜೊತೆಗೇ ಕೊಡುತ್ತದೆ.

ಈ ರೋಗ ಗೇಮ್ ಮಾಡುವವರದಷ್ಟೇ ಅಲ್ಲ, ನಮ್ಮ ಪತ್ರಿಕೆಯವರದೂ ಹೌದು. "ಚಿತ್ರ ಕೃಪೆ: ಇಂಟರ್ನೆಟ್" ಅಂತ ಅಚ್ಚು ಹಾಕುತ್ತೇವಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಂಟರ್ನೆಟ್ ಎಂದಾದರೂ ಕುಂಚ ಹಿಡಿದಿದೆಯಾ? ಯಾರೋ ಒಬ್ಬರು ನಿದ್ದೆಗೆಟ್ಟು ಬರೆದಿರುತ್ತಾರೆ. ಕವಿತೆಗಳ ಗತಿಯೂ ಅಷ್ಟೇ. ಮೊಬೈಲಿಂದ ಮೊಬೈಲಿಗೆ ಹಾರುವಾಗ ಮೊದಲು ಉದುರುವುದು ಕವಿಯ ಹೆಸರು. ಆಮೇಲೆ ಕೆಳಗೆ 'ಸಂಗ್ರಹ' ಅಂತ ಬರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಾವು ಬುದ್ಧಿಮಾತು ಎಂದುಕೊಂಡ ಹಾಗಿದೆ. ದುಡ್ಡು ಕೇಳದೆ ಕೊಟ್ಟವರು ಒಂದೇ ಒಂದು ಸಾಲು ಕೇಳುತ್ತಾರೆ. ಅದೂ ಜಾಸ್ತಿ ಆಯಿತಾ?

ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕೇಳಿದಿರಿ, ಎಷ್ಟೋ ಜನ ಕೇಳುವುದೂ ಇಲ್ಲ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಆ 36 ಚೀಲಗಳಿರುವ ಚಿತ್ರವನ್ನು ಅದೇ ಲೈಸೆನ್ಸಿನಲ್ಲಿ, ನಿಮ್ಮ ಹೆಸರನ್ನೂ ಹಾಕಿ, ಸೈನಿಕ ಸಿಕ್ಕ ಜಾಗದಲ್ಲೇ ಏರಿಸಿ. ಪತ್ರಿಕೆಯಲ್ಲಿ ಬೇಡ ಅಂದಿರಿ, ಅಲ್ಲಿ ಬೇಡ ಅನ್ನಬೇಡಿ. ಅಂಚೆಯಣ್ಣ ಬೇಕು ಅಂತ ಹುಡುಕುವ ಇನ್ನೊಬ್ಬರು ಎಲ್ಲೋ ಇದ್ದೇ ಇರುತ್ತಾರೆ. ಗೇಮ್ ಮುಗಿದ ಮೇಲೆ ನನಗೂ ಕಳಿಸಿ. ಮೊದಲು ಕ್ರೆಡಿಟ್ಸ್ ತೆರೆದು ನೋಡಿ ಆಮೇಲೆ ಆಡುತ್ತೇನೆ.

– ಸಂಪಾದಕ