ಟ್ರಾಂಬೆಯ ಗುಮ್ಮಟ, ಸೂರ್ಯನ ಬೆಂಕಿ

ಎಲಿಫೆಂಟಾಗೆ ಹೋಗುವ ದೋಣಿಯಿಂದ ಮುಂಬೈನ ಟ್ರಾಂಬೆ ಪರಮಾಣು ಕೇಂದ್ರದ ಗುಮ್ಮಟ ನೋಡಿ ಮಗಳು "ಅದರೊಳಗೆ ಸೂರ್ಯನ ಬೆಂಕಿ ಇದೆಯಾ?" ಅಂದಳು ಎಂದು ಬರೆದಿದ್ದೀರಿ. ಎಷ್ಟು ಒಳ್ಳೆಯ ಪ್ರಶ್ನೆ! ಆದರೆ ಇಲ್ಲ, ಎರಡೂ ಬೇರೆ.

ಟ್ರಾಂಬೆಯದು ವಿದಳನ, ಅಂದರೆ ಒಡೆಯುವುದು. ಯುರೇನಿಯಂ 235ರ ನ್ಯೂಕ್ಲಿಯಸ್ಸಿಗೆ, ಅಂದರೆ ಪರಮಾಣುವಿನ ನಡುಗಟ್ಟಿಗೆ, ನ್ಯೂಟ್ರಾನ್ ಎಂಬ ಒಂದು ಪುಟ್ಟ ಕಣ ಹೊಕ್ಕರೆ ಅದು ಎರಡು ಹೋಳಾಗುತ್ತದೆ. ಎರಡು ಮೂರು ಹೊಸ ನ್ಯೂಟ್ರಾನ್ ಹಾರಿ ಪಕ್ಕದವನ್ನೂ ಒಡೆಯುತ್ತವೆ. ಇದನ್ನು ನಡೆಸುವ ಇಲ್ಲಿನ ಅಪ್ಸರಾ ರಿಯಾಕ್ಟರ್ 1956ರಲ್ಲೇ ಶುರುವಾಯಿತು. ತಾರಾಪುರದ ಪರಮಾಣು ವಿದ್ಯುತ್ ಕೇಂದ್ರ 1969ರಿಂದ ಕರೆಂಟ್ ಕೊಡುತ್ತಿದೆ.

ಸೂರ್ಯನಲ್ಲಿ ನಡೆಯುವುದು ಸಮ್ಮಿಳನ. ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಸೇರಿ ಹೀಲಿಯಂ ಆಗುತ್ತವೆ. ಸೇರಿಸುವುದೇ ಕಷ್ಟ. ಎರಡು ಅಯಸ್ಕಾಂತದ ಉತ್ತರ ತುದಿಗಳನ್ನು ಎದುರೆದುರು ಹಿಡಿದು ತಳ್ಳಲು ಮಗಳಿಗೆ ಹೇಳಿ. ಜಾರಿಕೊಳ್ಳುತ್ತವೆ, ಅಲ್ವಾ? ನ್ಯೂಕ್ಲಿಯಸ್‌ಗಳೂ ಹಾಗೇ ದೂರ ತಳ್ಳುತ್ತವೆ. ಸೂರ್ಯನ ನಡುವೆ ಭಾರೀ ಒತ್ತಡ, ಹಾಗಾಗಿ ಸುಮಾರು 1.5 ಕೋಟಿ ಡಿಗ್ರಿ ಸಾಕು. ನಮಗೆ ಆ ಒತ್ತಡ ಇಲ್ಲ, ಅದಕ್ಕೇ 15 ಕೋಟಿ ಡಿಗ್ರಿ ಬೇಕು! ಅಷ್ಟು ಬಿಸಿ ಯಾವ ಪಾತ್ರೆಯೂ ತಡೆಯದು. ಆ ಬಿಸಿ ಅನಿಲವನ್ನು ಅಯಸ್ಕಾಂತದ ಬಲದಿಂದ ಗೋಡೆಗೆ ತಾಗದಂತೆ ತೇಲಿಸಬೇಕು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಪ್ರಾಯೋಗಿಕ ಸಮ್ಮಿಳನ ಯಂತ್ರ ಇದಕ್ಕಾಗಿಯೇ. ಅದರಲ್ಲಿ ಭಾರತವೂ ಪಾಲುದಾರ, ಅದನ್ನೂ ಮಗಳಿಗೆ ಹೇಳಿ.